ತಪ್ಪು ಲಾರಿಯದ್ದು, ಬಾಡಿಗೆ ಟೆಂಪೋ ನಮ್ಮ ಖರ್ಚಿನದ್ದು



ಹೋಟೆಲು, ಕೇಟರಿಂಗ್ ನಡೆಸುವ ನಮಗೆ ಗಾಡಿ ಎಂದರೆ ಷೋಕಿಯಲ್ಲ. ಬೆಳಗಿನ ಜಾವ ವಾಶಿ ಮಾರ್ಕೆಟಿನಿಂದ ತರಕಾರಿ ಬರಬೇಕು, ಹಾಲು ಬರಬೇಕು, ಆರ್ಡರ್ ಇದ್ದ ದಿನ ಪಾತ್ರೆಪಗಡಿ ಹಾಲ್‌ಗೆ ಮುಟ್ಟಬೇಕು. ಒಲೆ ಕೆಟ್ಟರೆ ಇನ್ನೊಂದು ಒಲೆ ಹಚ್ಚಬಹುದು. ಗಾಡಿ ಕೆಟ್ಟರೆ ಇಡೀ ದಿನದ ಕೆಲಸವೇ ನಿಲ್ಲುತ್ತದೆ. ಆ ಗಾಡಿಯನ್ನು ಬೇರೆಯವರು ಬಂದು ಗುದ್ದಿ ಹೋದರೆ ನಮಗೆ ಸಿಗುವುದೇನು, ಸಿಗದೇ ಇರುವುದೇನು ಎಂಬುದನ್ನು ನಾವು ಕೈಸುಟ್ಟುಕೊಂಡು ಕಲಿತದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

2023ರ ಫೆಬ್ರವರಿ ತಿಂಗಳು, ಮದುವೆ ಸೀಸನ್. ಬೆಳಗ್ಗೆ ಐದೂವರೆಗೆ ಡ್ರೈವರ್ ಫೋನು ಮಾಡಿದ. "ಅಣ್ಣಾ, ಮಾನ್‌ಖುರ್ದ್ ಸಿಗ್ನಲ್‌ನಲ್ಲಿ ನಿಂತಿದ್ದೆ, ಹಿಂದಿನಿಂದ ಲಾರಿಯವನು ಹೊಡೆದ. ನನಗೇನೂ ಆಗಿಲ್ಲ. ಗಾಡಿ ಚಲಿಸುವುದಿಲ್ಲ." ದೇವರ ದಯೆ, ಜೀವಕ್ಕೆ ಅಪಾಯವಿರಲಿಲ್ಲ. ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ಲಾರಿ ಹೋಗಿಯಾಗಿತ್ತು. ಡ್ರೈವರನ ಕೈಯಲ್ಲಿ 3,000 ರೂಪಾಯಿ ಇತ್ತು. "ಅವನು ತಪ್ಪು ಒಪ್ಪಿಕೊಂಡ ಅಣ್ಣಾ, ದುಡ್ಡು ಕೊಟ್ಟ. ಇನ್ನೇನೂ ಕ್ಲೇಮು ಇಲ್ಲ ಅಂತ ಒಂದು ಚೀಟಿಗೆ ಸಹಿ ತಗೊಂಡ" ಎಂದ. ಬಡಪಾಯಿ ಹುಡುಗ, ಒಳ್ಳೆಯದೇ ಮಾಡಿದೆ ಎಂದುಕೊಂಡಿದ್ದ. ತಪ್ಪು ಅವನದ್ದಲ್ಲ. ಹೀಗಾದರೆ ಏನು ಮಾಡಬೇಕೆಂದು ನಾವು ಅವನಿಗೆ ಎಂದೂ ಹೇಳಿಕೊಟ್ಟಿರಲಿಲ್ಲ.

ಗಾಡಿ ಗ್ಯಾರೇಜಿನಲ್ಲಿ 21 ದಿನ ನಿಂತಿತು. ರಿಪೇರಿ ಬಿಲ್ಲು 62,000 ರೂ. ನಮ್ಮ ವಿಮಾ ಕಂಪೆನಿ ಆ ಲಾರಿಯವನ 3,000 ರೂ.ಗಳನ್ನೂ ಲೆಕ್ಕಕ್ಕೆ ಹಿಡಿದು, ಕಳೆಯುವುದನ್ನೆಲ್ಲ ಕಳೆದು, ಕೊಟ್ಟದ್ದು 36,500 ರೂ. ಉಳಿದ 22,500 ನಮ್ಮ ಕೈಯಿಂದ ಹೋಯಿತು. ಅಷ್ಟೂ ದಿನ ಬಾಡಿಗೆ ಟೆಂಪೋಗೆ ದಿನಕ್ಕೆ 2,200ರಂತೆ 46,200 ರೂ. ಕೊಟ್ಟೆವು. ಒಟ್ಟು ನಷ್ಟ 68,700 ರೂ. ನಮ್ಮ ತಪ್ಪು ಎಳ್ಳಷ್ಟೂ ಇಲ್ಲದ ಅಪಘಾತಕ್ಕೆ!

ಲೆಕ್ಕವನ್ನು ಮತ್ತೊಮ್ಮೆ ನೋಡಿರಿ. ರಿಪೇರಿಯಲ್ಲಿ ಕಳೆದುಕೊಂಡದ್ದಕ್ಕಿಂತ ಬಾಡಿಗೆಯಲ್ಲಿ ಕಳೆದುಕೊಂಡದ್ದು ಇಮ್ಮಡಿ. ವಿಮೆ ಗಾಡಿಯನ್ನು ನೋಡುತ್ತದೆ, ಗಾಡಿ ಇಲ್ಲದ ದಿನಗಳನ್ನು ನೋಡುವುದಿಲ್ಲ. ಆ ದಿನಗಳ ಖರ್ಚು ಬೇಕಿದ್ದರೆ ಅದಕ್ಕೆ ನಾವೇ ಬೇರೆ ದಾರಿ ಮಾಡಿಕೊಳ್ಳಬೇಕು.

ಬದಲಿ ಗಾಡಿ ಯಾರು ಕೊಡುತ್ತಾರೆ?

ಇಂಗ್ಲೆಂಡಿನಲ್ಲಿ ತಪ್ಪಿಲ್ಲದವನ ಗಾಡಿ ರಿಪೇರಿಯಲ್ಲಿರುವಾಗ ಬದಲಿ ಗಾಡಿಯ ನ್ಯಾಯವಾದ ಬಾಡಿಗೆಯನ್ನು ತಪ್ಪು ಮಾಡಿದವನ ವಿಮಾ ಕಂಪೆನಿಯಿಂದ ವಸೂಲು ಮಾಡುವ ಪದ್ಧತಿ ಚೆನ್ನಾಗಿ ಬೇರೂರಿದೆ. ನಮ್ಮಲ್ಲಿ ಅದು ತಾನಾಗಿ ನಡೆಯುವ ಪದ್ಧತಿಯಲ್ಲ. ನಮ್ಮ ಸ್ವಂತ ಪಾಲಿಸಿಯಲ್ಲಿ ಗಾಡಿಗಾದ ಹಾನಿ ಮಾತ್ರ ಸೇರಿದೆ. ಹಾನಿಯ ಪರಿಣಾಮವಾಗಿ ಆಗುವ ನಷ್ಟ, ಅಂದರೆ ಬಾಡಿಗೆ, ತಪ್ಪಿಹೋದ ಆರ್ಡರು, ಕಳೆದುಕೊಂಡ ಗಿರಾಕಿ, ಇವು ಯಾವುದೂ ಸೇರಿಲ್ಲವೆಂದು ಪಾಲಿಸಿಯಲ್ಲೇ ಅಚ್ಚಾಗಿರುತ್ತದೆ. ಗಾಡಿಯೊಳಗಿದ್ದ ತರಕಾರಿಯೂ ಅದರಲ್ಲಿ ಬರುವುದಿಲ್ಲ.

ಆದರೆ ಹೆಚ್ಚಿನ ಪ್ರೀಮಿಯಂ ಕೊಟ್ಟು ಪಡೆಯುವ ಜೋಡಣೆಗಳಿವೆ. ಗಾಡಿ ಗ್ಯಾರೇಜಿನಲ್ಲಿರುವ ದಿನಗಳಿಗೆ ಇಂತಿಷ್ಟು ಎಂದು ಕೊಡುವ ದಿನಭತ್ಯೆ ಒಂದು. ಬದಲಿ ಕಾರನ್ನೇ ಕೊಡುವುದು ಇನ್ನೊಂದು. ಇವು ಹೆಚ್ಚಾಗಿ ಖಾಸಗಿ ಕಾರುಗಳಿಗೆ ಸಿಗುತ್ತವೆ, ಗೂಡ್ಸ್ ಗಾಡಿಗಳಿಗೆ ಎಲ್ಲ ಕಂಪೆನಿಗಳೂ ಕೊಡುವುದಿಲ್ಲ. ಆದ್ದರಿಂದ ನವೀಕರಣದ ವೇಳೆ ಏಜೆಂಟರಿಗೆ ನಾಲ್ಕು ಪ್ರಶ್ನೆ ಕೇಳಿರಿ: ದಿನಕ್ಕೆ ಎಷ್ಟು? ಹೆಚ್ಚೆಂದರೆ ಎಷ್ಟು ದಿನ? ಮೊದಲ ಕೆಲವು ದಿನ ಬಿಟ್ಟು ಲೆಕ್ಕ ಹಿಡಿಯುತ್ತಾರೆಯೇ? ಕಂಪೆನಿ ಒಪ್ಪಿದ ಗ್ಯಾರೇಜಿನಲ್ಲೇ ರಿಪೇರಿ ಆಗಬೇಕೇ? ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಪಾಲಿಸಿಯಲ್ಲಿ ತೋರಿಸಲು ಹೇಳಿರಿ.

ರಿಪೇರಿ ಹಣದಲ್ಲಿ ಕಡಿತ ಏಕೆ?

ನಮ್ಮ ಬಿಲ್ಲಿನಲ್ಲಿ ಮೂರು ಕಡೆ ಕತ್ತರಿ ಬಿತ್ತು.

ಒಂದು, ಸವಕಳಿ. ರಬ್ಬರ್, ಪ್ಲಾಸ್ಟಿಕ್ ಭಾಗ, ಟಯರು, ಬ್ಯಾಟರಿಗೆ ಶೇ. 50 ಕಡಿತ. ಫೈಬರಿಗೆ ಶೇ. 30. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸು ನೋಡುತ್ತಾರೆ: ಒಂದರಿಂದ ಎರಡು ವರ್ಷದ ಗಾಡಿಗೆ ಶೇ. 10, ಎರಡರಿಂದ ಮೂರಕ್ಕೆ ಶೇ. 15, ಮೂರರಿಂದ ನಾಲ್ಕಕ್ಕೆ ಶೇ. 25, ನಾಲ್ಕರಿಂದ ಐದಕ್ಕೆ ಶೇ. 35, ಐದರಿಂದ ಹತ್ತಕ್ಕೆ ಶೇ. 40. ಸವಕಳಿ ಕಡಿತವಿಲ್ಲದ ಪಾಲಿಸಿಯನ್ನು ಹೆಚ್ಚಿನ ಹಣ ಕೊಟ್ಟು ಪಡೆಯಬಹುದು.

ಎರಡು, ವಾಣಿಜ್ಯ ಗಾಡಿಗಳಿಗೆ ಮಾತ್ರ ಇರುವ ಒಂದು ಶರತ್ತು. ಲ್ಯಾಂಪು, ಟಯರು, ಮಡ್‌ಗಾರ್ಡು, ಬಾನೆಟ್ಟು, ಬಂಪರು, ಪೈಂಟು ಇವುಗಳ ಹಾನಿ ಸಾಮಾನ್ಯ ಪಾಲಿಸಿಯಲ್ಲಿ ಸೇರುವುದಿಲ್ಲ. ಇಡೀ ಗಾಡಿ ನಾಶವಾದರೆ ಮಾತ್ರ ಸೇರುತ್ತದೆ. ಸೇರಿಸಬೇಕಾದರೆ ಐಎಂಟಿ 23 ಎಂಬ ಜೋಡಣೆಗೆ ಪ್ರೀಮಿಯಂ ಕಟ್ಟಿರಬೇಕು. ನಾವು ಕಟ್ಟಿರಲಿಲ್ಲ. ಹಿಂದಿನಿಂದ ಗುದ್ದಿದರೆ ಮೊದಲು ಹೋಗುವುದೇ ಬಂಪರು, ಲೈಟು, ಪೈಂಟು. ಪಾಲಿಸಿಯ ಮೊದಲ ಪುಟದಲ್ಲಿ ಈ 23 ಎಂಬ ಸಂಖ್ಯೆ ಇದೆಯೇ ಎಂದು ಇಂದೇ ತೆಗೆದು ನೋಡಿರಿ.

ಮೂರು, ಪ್ರತಿ ಕ್ಲೇಮಿನಲ್ಲಿ ಪಾಲಿಸಿದಾರನೇ ಭರಿಸಬೇಕಾದ ಕಡ್ಡಾಯ ಮೊತ್ತ.

ಇದಲ್ಲದೆ ನೋ ಕ್ಲೇಮ್ ಬೋನಸ್ ಕೂಡ ಹೋಯಿತು. ಕ್ಲೇಮು ಇಲ್ಲದ ವರ್ಷಗಳಿಗೆ ಅನುಕ್ರಮವಾಗಿ ಶೇ. 20, 25, 35, 45, 50 ಎಂದು ಏರುವ ರಿಯಾಯಿತಿ ಇದು. ನಮ್ಮದು ಶೇ. 25ಕ್ಕೆ ಮುಟ್ಟಿತ್ತು. ತಪ್ಪು ಯಾರದ್ದೇ ಇರಲಿ, ನಮ್ಮ ಪಾಲಿಸಿಯಿಂದ ಹಣ ಪಡೆದರೆ ಅದು ಸೊನ್ನೆಗೆ ಇಳಿಯುತ್ತದೆ. ಆದ್ದರಿಂದ ಸಣ್ಣಪುಟ್ಟ ರಿಪೇರಿಗೆ ಕ್ಲೇಮು ಮಾಡುವ ಮೊದಲು ಬರುವ ಹಣ ಎಷ್ಟು, ಹೋಗುವ ಬೋನಸ್ ಎಷ್ಟು ಎಂದು ತೂಗಿ ನೋಡಬೇಕು.

ಎದುರಿನವರಿಂದ ವಸೂಲು ಮಾಡುವ ದಾರಿ

ಉಳಿದ ನಷ್ಟವನ್ನು ಲಾರಿಯ ಮಾಲಕರಿಂದ ಮತ್ತು ಅವರ ವಿಮಾ ಕಂಪೆನಿಯಿಂದ ಕೇಳುವ ಹಕ್ಕು ನಮಗಿದೆ. ಆ ಲಾರಿಯ ಪಾಲಿಸಿಗೆ ನಾವು ಮೂರನೇ ವ್ಯಕ್ತಿ. ಮೂರನೇ ವ್ಯಕ್ತಿಯ ಆಸ್ತಿಗಾದ ಹಾನಿಗೆ ಲಾರಿ, ಕಾರುಗಳ ಪಾಲಿಸಿಯಲ್ಲಿ ಸಾಮಾನ್ಯವಾಗಿ 7.5 ಲಕ್ಷ ರೂ.ವರೆಗೆ ರಕ್ಷಣೆ ಇರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 165 ಮತ್ತು 166ನೇ ಕಲಮುಗಳಂತೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಜನರಿಗೆ ಗಾಯವಾದರೆ ಮಾತ್ರ ಅಲ್ಲಿಗೆ ಹೋಗಬಹುದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ, ಆಸ್ತಿ ಹಾನಿಗೂ ಹೋಗಬಹುದು. ಆಸ್ತಿ ಹಾನಿ 2,000 ರೂ. ಮೀರಿದ್ದರೆ ಸಿವಿಲ್ ಕೋರ್ಟಿಗೆ ಹೋಗುವ ಆಯ್ಕೆಯೂ ಇದೆ.

ಇನ್ನೊಂದು ಅನುಕೂಲ. ಅಪಘಾತವಾದ ಸ್ಥಳದಲ್ಲೇ ಅರ್ಜಿ ಹಾಕಬೇಕೆಂದಿಲ್ಲ. ನಾವು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರಿನ ನ್ಯಾಯಮಂಡಳಿಯಲ್ಲಿಯೂ ಹಾಕಬಹುದು. ಊರಿಗೆ ಹೋಗುವಾಗ ಸಾತಾರಾದ ಬಳಿ ಯಾರಾದರೂ ಗುದ್ದಿದರೂ ಮುಂಬಯಿಯ ಹೋಟೆಲಿಗ ಮುಂಬಯಿಯಲ್ಲೇ ಕೇಳಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಬೀಳಬೇಕು. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆಯಾದರೂ ಅದನ್ನು ನಂಬಿ ಕೂರುವುದು ಬುದ್ಧಿವಂತಿಕೆಯಲ್ಲ.

ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಹಣ ಪಡೆಯುವಂತಿಲ್ಲ. ನಮ್ಮ ಕಂಪೆನಿ ಕೊಟ್ಟದ್ದನ್ನು ಬಿಟ್ಟು ಉಳಿದದ್ದನ್ನು, ಅಂದರೆ ಸವಕಳಿ ಕಡಿತ, ಕಡ್ಡಾಯ ಮೊತ್ತ, ಹಾಳಾದ ಮಾಲು, ಬದಲಿ ಗಾಡಿಯ ಬಾಡಿಗೆ, ಇಷ್ಟನ್ನು ಕೇಳಬೇಕು. ಬಾಡಿಗೆಯ ವಿಷಯದಲ್ಲಿ ಎಲ್ಲ ನ್ಯಾಯಾಲಯಗಳ ತೀರ್ಪು ಒಂದೇ ತೆರನಾಗಿಲ್ಲ. ಕೆಲವು ಕೊಟ್ಟಿವೆ, ಕೆಲವು ನಿರಾಕರಿಸಿವೆ. ಕೇಳದೆ ಇದ್ದವರಿಗೆ ಮಾತ್ರ ಖಂಡಿತ ಸಿಗುವುದಿಲ್ಲ.

ನಾವೇಕೆ ಕೇಳಲಿಲ್ಲ ಎಂದು ತಾವು ಕೇಳಬಹುದು. ಆ ಚೀಟಿ! ವಕೀಲರ ಬಳಿ ಹೋದಾಗ ಅವರು ಮೊದಲು ಕೇಳಿದ್ದೇ "ಏನಾದರೂ ಬರೆದುಕೊಟ್ಟಿದ್ದೀರಾ?" ಎಂದು. ಇದ್ದದ್ದನ್ನು ಹೇಳಿದೆವು. ಪೊಲೀಸ್ ದಾಖಲೆಯಿಲ್ಲ, ಫೋಟೋ ಇಲ್ಲ, ಎದುರಿನವರ ಕೈಯಲ್ಲಿ ನಮ್ಮ ರಾಜಿ ಚೀಟಿ ಇದೆ, ಖರ್ಚು ಮಾಡಿ ಫಲವಿಲ್ಲ ಎಂದರು. ಅಷ್ಟೇ ಅಲ್ಲ, ನಮ್ಮ ಸ್ವಂತ ಕ್ಲೇಮಿಗೂ ಅದರಿಂದ ತೊಡಕಾಯಿತು. ನಮಗೆ ಹಣ ಕೊಟ್ಟ ಮೇಲೆ ತಪ್ಪು ಮಾಡಿದವನಿಂದ ಅದನ್ನು ವಸೂಲು ಮಾಡುವ ಹಕ್ಕು ನಮ್ಮ ಕಂಪೆನಿಗೆ ಇರುತ್ತದೆ. ಕಂಪೆನಿಯನ್ನು ಕೇಳದೆ ನಾವು ರಾಜಿ ಮಾಡಿಕೊಂಡರೆ ಆ ಹಕ್ಕು ಕೆಡುತ್ತದೆ. ಮೂರು ಸಲ ಪತ್ರ ಬರೆದ ಮೇಲೆ ಕ್ಲೇಮು ಪಾಸಾಯಿತು. 3,000 ರೂಪಾಯಿಗೆ ಆಸೆಪಟ್ಟು ಅರುವತ್ತೆಂಟು ಸಾವಿರ ಬಿಟ್ಟುಕೊಟ್ಟಂತಾಯಿತು.

ಕ್ಲೇಮೇ ಬಿದ್ದುಹೋಗುವ ಎರಡು ಸಂದರ್ಭ

ನಮ್ಮಲ್ಲಿ ಕೆಲವರು ಖಾಸಗಿ ನೋಂದಣಿಯ ವ್ಯಾನಿನಲ್ಲಿ ಹಾಲಿನ ಕ್ಯಾನು, ಸಿಲಿಂಡರು, ಅನ್ನದ ಡಬರಿ ಸಾಗಿಸುತ್ತಾರೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ವ್ಯಾಪಾರದ ಮಾಲು ಸಾಗಣೆಗೆ ರಕ್ಷಣೆಯಿಲ್ಲ. ಅಪಘಾತವಾದಾಗ ಮಾಲು ಕಂಡರೆ ಸ್ವಂತ ಗಾಡಿಯ ಕ್ಲೇಮು ಕೈತಪ್ಪಬಹುದು. ಮಾಲಿಗೆ ಗೂಡ್ಸ್ ಗಾಡಿಯೇ ಬೇಕು.

ಎರಡನೆಯದು ಲೈಸೆನ್ಸು ಮತ್ತು ಫಿಟ್‌ನೆಸ್. 7,500 ಕಿಲೋ ಮೀರದ ಸಣ್ಣ ಗೂಡ್ಸ್ ಗಾಡಿಯನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ. ನಮ್ಮಂಥವರಿಗೆ ಇದು ದೊಡ್ಡ ನೆಮ್ಮದಿ. ಆದರೆ ಲೈಸೆನ್ಸಿನ ಅವಧಿ ಮುಗಿದಿರಬಾರದು. ಒಟ್ಟು ತೂಕ 3,000 ಕಿಲೋ ಮೀರದ ಗಾಡಿಗೆ ಪರ್ಮಿಟ್ ಬೇಡ, ಫಿಟ್‌ನೆಸ್ ಮಾತ್ರ ಬೇಕೇ ಬೇಕು.

ಕಂಪೆನಿ ಸತಾಯಿಸಿದರೆ

ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಜೂನ್ ಸುತ್ತೋಲೆಯಂತೆ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, ಅವರು 15 ದಿನದೊಳಗೆ ವರದಿ ಕೊಡಬೇಕು, ವರದಿ ಬಂದ 7 ದಿನದೊಳಗೆ ಕಂಪೆನಿ ತೀರ್ಮಾನ ಹೇಳಬೇಕು. ದಿನ ಉಳಿದಷ್ಟೂ ಬಾಡಿಗೆ ಉಳಿಯುತ್ತದೆ, ಆದ್ದರಿಂದ ಈ ಗಡುವನ್ನು ಪತ್ರದಲ್ಲಿ ನೆನಪಿಸಿರಿ. ಆಗಲೂ ಆಗದಿದ್ದರೆ ಕಂಪೆನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳು ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಫೀಸಿಲ್ಲ, ವಕೀಲರು ಬೇಡ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ಕಚೇರಿಗಳಿವೆ. ಸ್ವಂತ ಹೆಸರಿನ ಪಾಲಿಸಿಗೂ ಒಬ್ಬರೇ ಮಾಲಕರ ಸಂಸ್ಥೆಯ ಪಾಲಿಸಿಗೂ ಈ ಸೌಲಭ್ಯವಿದೆ.

ಡ್ರೈವರನಿಗೆ ಹೇಳಿಕೊಡಬೇಕಾದದ್ದು

ನಾವೀಗ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಕನ್ನಡ ಮತ್ತು ಹಿಂದಿಯಲ್ಲಿ ಒಂದು ಕಾಗದ ಅಂಟಿಸಿದ್ದೇವೆ:

1. ಯಾರಿಗಾದರೂ ಗಾಯವಾಗಿದ್ದರೆ ಮೊದಲು ಆಸ್ಪತ್ರೆ.

2. ಎದುರಿನ ಗಾಡಿಯ ನಂಬರು ಕಾಣುವಂತೆ ಎರಡೂ ಗಾಡಿ, ರಸ್ತೆ, ಸಿಗ್ನಲ್ ಎಲ್ಲದರ ಫೋಟೋ ತೆಗೆಯಬೇಕು. ನಂಬರು ಸಿಕ್ಕಿದರೆ ಸರಕಾರದ ಪರಿವಾಹನ್ ಆ್ಯಪಿನಲ್ಲಿ ಅದರ ವಿಮೆಯ ವಿವರ ನೋಡಬಹುದು.

3. ಮಾಲಕರಿಗೆ ಫೋನು ಮಾಡಬೇಕು. ಹಣ ತೆಗೆದುಕೊಳ್ಳಬಾರದು, ಯಾವ ಕಾಗದಕ್ಕೂ ಸಹಿ ಹಾಕಬಾರದು.

4. ಅಂದೇ ಪೊಲೀಸ್ ಠಾಣೆಯಲ್ಲಿ ಬರೆಸಿ ಅದರ ಪ್ರತಿ ಪಡೆಯಬೇಕು, ವಿಮಾ ಕಂಪೆನಿಗೆ ತಿಳಿಸಬೇಕು. ಸರ್ವೇಯರ್ ನೋಡುವ ಮೊದಲು ಗ್ಯಾರೇಜಿನವರು ಏನನ್ನೂ ಬಿಚ್ಚಬಾರದು.

ಐದನೆಯದು ನಮಗೇ, ಮಾಲಕರಿಗೆ. ಬಾಡಿಗೆ ಗಾಡಿಯನ್ನು ನಮ್ಮ ಗಾಡಿಯಷ್ಟೇ ಗಾತ್ರದ್ದು ತೆಗೆದುಕೊಳ್ಳಿರಿ. ಗಾಡಿ ನಂಬರು, ತಾರೀಕು ಇರುವ ಬಿಲ್ಲು ಪಡೆದು ಬ್ಯಾಂಕಿನ ಮೂಲಕ ಹಣ ಕೊಡಿ. ಗಾಡಿ ಯಾವಾಗ ಬಂತು, ಯಾವಾಗ ಹೋಯಿತು, ತಡವಾದದ್ದು ಏಕೆ ಎಂದು ಗ್ಯಾರೇಜಿನವರಿಂದ ಬರೆಸಿಕೊಳ್ಳಿ. ನಾವು 46,200 ರೂ. ಕೊಟ್ಟದ್ದು ನಗದಾಗಿ. ಚೀಟಿ ಇರದಿದ್ದರೂ ಅದನ್ನು ರುಜುವಾತು ಮಾಡುವುದು ನಮಗೆ ಕಷ್ಟವಾಗುತ್ತಿತ್ತು.

ಹತ್ತಿರ ಹತ್ತಿರದ ನಾಲ್ಕಾರು ಸದಸ್ಯರು ಸೇರಿ ಒಬ್ಬ ಟೆಂಪೋದವರೊಡನೆ ಮೊದಲೇ ದರ ಗೊತ್ತುಮಾಡಿಕೊಂಡರೆ ಇನ್ನೂ ಒಳ್ಳೆಯದು. ಸೀಸನ್ನಿನಲ್ಲಿ ತುರ್ತಿಗೆ ಹೋದವನಿಗೆ ಟೆಂಪೋದವರು ಹೇಳಿದ್ದೇ ದರ.

ಅಂದಿನ ಡ್ರೈವರ್ ಈಗಲೂ ನಮ್ಮಲ್ಲೇ ಇದ್ದಾನೆ. ಕಳೆದ ಮಳೆಗಾಲದಲ್ಲಿ ಚೆಂಬೂರಿನಲ್ಲಿ ಒಂದು ಕಾರು ತಾಗಿತು. ಕಾರಿನವರು 2,000 ಕೊಡಲು ಬಂದರಂತೆ. "ಬೇಡ ಸಾಹೇಬ್, ಫೋಟೋ ತೆಗೆದಿದ್ದೇನೆ, ಅಣ್ಣ ಬರುತ್ತಾರೆ" ಎಂದನಂತೆ. ನಾವು ಕೊಟ್ಟ ಫೀಸು ದೊಡ್ಡದಾದರೂ ಪಾಠ ಮನಸ್ಸಿನಲ್ಲಿ ನಿಂತಿದೆ. ಈ ಫೀಸನ್ನು ಇನ್ನೊಬ್ಬ ಸದಸ್ಯರು ಕಟ್ಟುವುದು ಬೇಡ ಎಂದೇ ಇಷ್ಟು ಬರೆದೆವು.