ಬಿಚ್ಚಿದ ಕಟ್ಟು

ಮೊದಲ ದಿನವೇ ಸಾರುವೆಯನ್ನು ಸರಸರ ಹತ್ತಿಬಿಟ್ಟೆ ಅಂತ ಸೈಟಿನವರೆಲ್ಲ ನಿನ್ನನ್ನು ಹೊಗಳಿದರಂತೆ. ನನಗೆ ಮಾತ್ರ ಅದು ಹಿಡಿಸಲಿಲ್ಲ ಕಣೋ ಮಗ. ಹತ್ತುವ ಮೊದಲು ಕೆಳಗೆ ಒಂದು ಸುತ್ತು ಹಾಕಿದೆಯಾ ಇಲ್ಲವಾ, ಅದನ್ನು ಯಾರೂ ಹೇಳಲಿಲ್ಲ.

ನನ್ನ ಕಾಲಿನ ಕಥೆಯನ್ನು ನಿಮ್ಮಮ್ಮ ಹೇಳಿರಬೇಕು. ಮೂರನೇ ಅಂತಸ್ತಿನಿಂದ ಬಿದ್ದೆ ಅಂತ ಊರಲ್ಲೆಲ್ಲ ಸುದ್ದಿ. ನಾನೂ ತಿದ್ದಲು ಹೋಗಲಿಲ್ಲ, ಮರ್ಯಾದೆಯ ಪ್ರಶ್ನೆ ನೋಡು. ಬಿದ್ದದ್ದು ಹತ್ತೇ ಅಡಿಯಿಂದ. ಹತ್ತು ಅಡಿ ಬೀಳಲು ಒಂದು ಸೆಕೆಂಡೂ ಹಿಡಿಯಲ್ಲ. ನೆಲ ಮುಟ್ಟುವಾಗ ಗಂಟೆಗೆ ಸುಮಾರು 28 ಕಿ.ಮೀ. ವೇಗ ಇರುತ್ತೆ ಅಂತ ಒಬ್ಬ ಇಂಜಿನಿಯರ್ ಹುಡುಗ ಆಮೇಲೆ ಲೆಕ್ಕ ಹಾಕಿ ತೋರಿಸಿದ. ಎರಡೂ ಪಾದ ಊರಿ ಬಿದ್ದೆ, ಹಿಮ್ಮಡಿಯ ಮೂಳೆ ಒಡೆಯಿತು. ಇವತ್ತಿಗೂ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೇನೆ.

ಅವತ್ತು ಶನಿವಾರ, ಬಟವಾಡೆ ದಿನ. ಹೊರಗೋಡೆಗೆ ಗಾರೆ ಮಾಡುತ್ತಿದ್ದೆವು. ಸಾರುವೆಯನ್ನು ಕಟ್ಟಡಕ್ಕೆ ಬಿಗಿದಿದ್ದ ಒಂದು ಕಟ್ಟು ಮಟ್ಟಗೋಲಿಗೆ ಅಡ್ಡ ಬರುತ್ತಿತ್ತು. ಬಿಚ್ಚಿದೆವು. ಅಷ್ಟು ಜಾಗ ಮುಗಿಸಿ ಮತ್ತೆ ಬಿಗಿದರಾಯಿತು ಅಂದುಕೊಂಡು ಮುಂದಕ್ಕೆ ಸರಿದೆವು, ಮರೆತೆವು. ಸಂಜೆ ಬಾಂಡ್ಲಿ ಎತ್ತಿಕೊಂಡು ತಿರುಗಿದೆ, ಇಡೀ ಸಾರುವೆ ಗೋಡೆ ಬಿಟ್ಟು ಹೊರಕ್ಕೆ ವಾಲಿತು. ‘ಬಿಚ್ಚಿದೆವು’ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಬಿಚ್ಚಿದ ಕೈ ನನ್ನದೇ.

ಅದಕ್ಕೇ ಹೇಳುವುದು. ನಿನ್ನೆ ಗಟ್ಟಿಯಾಗಿದ್ದ ಸಾರುವೆ ಇವತ್ತು ಹಾಗೇ ಇರಬೇಕಿಲ್ಲ. ನಡುವೆ ಹತ್ತು ಕೈ ಬಂದುಹೋಗಿರುತ್ತವೆ. ಕಂಬದ ಬುಡದಿಂದ ನೋಡಲು ಶುರುಮಾಡು. ಪಾಯದ ಸುತ್ತ ತುಂಬಿದ ಮಣ್ಣು ಒಂದು ಮಳೆಗೆ ಕುಸಿಯುತ್ತೆ, ಕಂಬ ಮಾತ್ರ ನೆಟ್ಟಗೇ ನಿಂತ ಹಾಗೆ ಕಾಣುತ್ತೆ. ಬುಡಕ್ಕೆ ಚೂರು ಇಟ್ಟಿಗೆ ಕೊಟ್ಟಿದ್ದರೆ ಹತ್ತಬೇಡ, ಇಟ್ಟಿಗೆ ಒಡೆಯುವ ಮುಂಚೆ ಹೇಳಿ ಒಡೆಯಲ್ಲ; ದಪ್ಪ ಹಲಗೆ ಕೇಳು. ಸರ್ವೆ ಮರಕ್ಕೆ ನಾರಿನ ಹಗ್ಗ ಬಿಗಿದಿದ್ದರೆ, ಮಳೆ ನಿಂತು ಬಿಸಿಲು ಬಂದ ದಿನ ಕಟ್ಟನ್ನೆಲ್ಲ ಎಳೆದು ನೋಡು. ನೆನೆದಾಗ ಬಿಗಿಯಾದ ಹಗ್ಗ ಒಣಗಿದಾಗ ಸಡಿಲವಾಗುತ್ತೆ. ಕಬ್ಬಿಣದ ಪೈಪಿಗೆ ಈ ತಾಪತ್ರಯ ಇಲ್ಲ, ಆದರೆ ಅದನ್ನು ನಿಲ್ಲಿಸಿಕೊಂಡು ಹೊರುವಾಗ ಕರೆಂಟ್ ತಂತಿಯ ಕಡೆ ಕಣ್ಣಿರಲಿ.

ಹಲಗೆಯ ತುದಿ ಆಸರೆಯಿಂದ ಅರ್ಧ ಅಡಿಗಿಂತ ಹೆಚ್ಚು ಹೊರಗೆ ಚಾಚಿದ್ದರೆ ಅದರ ಮೇಲೆ ಕಾಲಿಡಬೇಡ. ಆ ತುದಿ ತುಳಿದರೆ ಈ ತುದಿ ಏತದ ಹಾಗೆ ಏಳುತ್ತೆ. ಸೆಂಟ್ರಿಂಗ್‌ಗೆ ಬಳಸಿ ಮೊಳೆ ಕಿತ್ತ ಹಳೇ ಹಲಗೆಯನ್ನು ಬೇಲಿಗೆ ಹಾಕಲಿ, ನಿನ್ನ ಕಾಲಡಿಗೆ ಬೇಡ.

ಇನ್ನು ಬೆಲ್ಟು. ಇಂಜಿನಿಯರ್ ಬಂದಾಗ ಹಾಕಿಕೊಂಡು, ಹೋದಮೇಲೆ ಕೊಕ್ಕೆಯನ್ನು ಸೊಂಟಕ್ಕೇ ಸಿಕ್ಕಿಸಿಕೊಳ್ಳುವವರನ್ನು ನೋಡುತ್ತೀಯ. ಕೊಕ್ಕೆಯನ್ನು ತಲೆಗಿಂತ ಮೇಲೆ, ಕಟ್ಟಡದ ಗಟ್ಟಿ ಜಾಗಕ್ಕೆ ಹಾಕು. ನೀನು ನಿಂತಿರುವ ಹಲಗೆಗೇ ಹಾಕಿದರೆ ಇಬ್ಬರೂ ಜೊತೆಗೇ ಬರುತ್ತೀರಿ.

‘ಇದು ಸರಿಯಿಲ್ಲ’ ಅಂತ ಮೇಸ್ತ್ರಿಗೆ ಹೇಳಲು ನಾಚಿಕೆಯಾಗುತ್ತೆ, ಗೊತ್ತು. ಹೆದರುಪುಕ್ಕಲ ಅನ್ನುತ್ತಾರೆ, ನಗುತ್ತಾರೆ. ನಗಲಿ. ಹತ್ತಲ್ಲ ಅಂದಿದ್ದಕ್ಕೆ ಅರ್ಧ ದಿನದ ಕೂಲಿ ಹೋದರೆ ನನ್ನ ಹತ್ತಿರ ಬಂದು ಈಸಿಕೋ, ನಿಮ್ಮಪ್ಪನಿಗೆ ಹೇಳಲ್ಲ.

ನಿನಗೆ 18 ತುಂಬಿದೆ ತಾನೆ? 90 ದಿನ ಕೆಲಸ ಆದಮೇಲೆ ಕಟ್ಟಡ ಕಾರ್ಮಿಕರ ಮಂಡಳಿಗೆ ಅರ್ಜಿ ಹಾಕಬಹುದು. ಕಟ್ಟಿಸುವವರು ತೆರುವ ಸೆಸ್ಸಿನ ದುಡ್ಡಿನಿಂದ ನಡೆಯುವ ಮಂಡಳಿ ಅದು, ಯಾರ ಧರ್ಮವೂ ಅಲ್ಲ. ನಾನು ಬಿದ್ದಾಗ ನನ್ನ ಹತ್ತಿರ ಮಂಡಳಿಯ ಕಾರ್ಡು ಇರಲಿಲ್ಲ. ನಿಮ್ಮಮ್ಮ ಓಲೆ ಅಡವಿಟ್ಟಳು. ಕೆಲಸಕ್ಕೆ ಹೋದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಾ ಬಾ. ಈ ಭಾನುವಾರ ಮನೆಗೆ ಬರುವಾಗ ಆಧಾರ್ ತಗೊಂಡು ಬಾ, ಹೆಸರಿನ ಕಾಗುಣಿತ ಸರಿಯಿದೆಯಾ ನೋಡೋಣ.