ಒಗ್ಗರಣೆಯ ಹೊಗೆ ಎಲ್ಲಿಗೆ ಹೋಗುತ್ತದೆ?

ಬಾಣಲೆಯಲ್ಲಿ ಸಾಸಿವೆ ಸಿಡಿದು ಒಣಮೆಣಸಿನಕಾಯಿ ಬಿತ್ತೆಂದರೆ ಹಾಲ್‌ನಲ್ಲಿ ಟಿವಿ ನೋಡುತ್ತಿದ್ದವರಿಗೆ ಕೆಮ್ಮು. ಎಲ್ಲರೂ ಮೆಣಸಿನಕಾಯಿಯನ್ನು ಬೈಯುತ್ತಾರೆ. ಬೈಸಿಕೊಳ್ಳಬೇಕಾದ್ದು ಮನೆಯ ನಕ್ಷೆ.

ತೊಟ್ಟಿ ಮನೆಯಲ್ಲಿ ಬಿಸಿಗಾಳಿ ಮೇಲೇರಿ ತೊಟ್ಟಿಯಿಂದ ಹೊರಬೀಳುತ್ತಿತ್ತು. ಹಾಗಂತ ಹಳೆಯ ಅಡುಗೆಮನೆ ಸ್ವರ್ಗವೇನೂ ಆಗಿರಲಿಲ್ಲ. ಮಸಿ ಹಿಡಿದ ಜಂತಿಗಳೇ ಸಾಕ್ಷಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಗೆ ಕೊಳವೆಯಿದ್ದ 'ಅಸ್ತ್ರ ಒಲೆ' ರೂಪಿಸಿದ್ದಕ್ಕೆ ಇದೂ ಒಂದು ಕಾರಣ. ಈಗ ಸೌದೆ ಹೋಗಿ ಗ್ಯಾಸ್ ಬಂದಿದೆ, ಜೊತೆಗೆ ವೆಂಟಿಲೇಟರೂ ಹೋಗಿದೆ.

ಮನೆ ಕಟ್ಟುವವರು, ರಿಪೇರಿ ಮಾಡಿಸುವವರು ಮೊದಲು ಮಾಡಬೇಕಾದ ಪರೀಕ್ಷೆಗೆ ಒಂದು ಊದುಬತ್ತಿ ಸಾಕು. ಫ್ಯಾನ್ ಆರಿಸಿ, ಕಿಟಕಿಗಳನ್ನು ದಿನನಿತ್ಯದಂತೆ ಬಿಟ್ಟು, ಒಲೆಯ ಬಳಿ ಬತ್ತಿ ಹಿಡಿಯಬೇಕು. ಹೊಗೆಯ ಎಳೆ ಕಿಟಕಿಯತ್ತ ಬಾಗಿದರೆ ಸರಿ. ಮಲಗುವ ಕೋಣೆಯ ಕಡೆ ತಿರುಗಿದರೆ ನಕ್ಷೆಗೆ ಕೈ ಹಾಕಬೇಕು.

ಮುಂದಿನದು ಅಡುಗೆಮನೆ. ಡಕ್ಟ್ ಇಲ್ಲದ ಚಿಮಣಿ ಎಣ್ಣೆ ಜಿಡ್ಡನ್ನು ಹಿಡಿದು ಗಾಳಿಯನ್ನು ಮತ್ತೆ ಒಳಗೇ ಬಿಡುತ್ತದೆ. ಗ್ಯಾಸ್ ಉರಿಯಿಂದ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್ ಬಹುಪಾಲು ಮನೆಯಲ್ಲೇ ಉಳಿಯುತ್ತದೆ. ಆದ್ದರಿಂದ ಪೈಪ್ ನೇರ ಹೊರಗೋಡೆ ದಾಟಬೇಕು, ತಿರುವುಗಳು ಕಡಿಮೆಯಿರಬೇಕು, ಬಾಯಿ ಪಕ್ಕದ ಮನೆಯವರ ಕಿಟಕಿಗೆ ತೆರೆಯಬಾರದು. ಎಕ್ಸಾಸ್ಟ್ ಫ್ಯಾನ್ ಕೊಳ್ಳುವ ಮುನ್ನ ಸಣ್ಣ ಲೆಕ್ಕ: 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರದ ಅಡುಗೆಮನೆಯಲ್ಲಿ 800 ಘನ ಅಡಿ ಗಾಳಿಯಿರುತ್ತದೆ. ಗಂಟೆಗೆ 15 ಬಾರಿ ಅದು ಬದಲಾಗಬೇಕೆಂದರೆ 12,000 ಘನ ಅಡಿ, ಅಂದರೆ ಸುಮಾರು 340 ಘನ ಮೀಟರ್ ಎಳೆಯುವ ಫ್ಯಾನ್ ಬೇಕು.

ಇಲ್ಲಿ ಅನೇಕರು ಎಡವುತ್ತಾರೆ. ತೆರೆದ ಕಿಟಕಿಯ ಮಗ್ಗುಲಲ್ಲೇ ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ ಅದು ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಹಾಕುತ್ತದೆ, ಹೊಗೆ ಇದ್ದಲ್ಲೇ ಸುತ್ತುತ್ತದೆ. ಗಾಳಿ ಎದುರು ಬದಿಯಿಂದ ಬಂದು ಒಲೆ ದಾಟಿ ಹೋಗಬೇಕು.

ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಲಿ. ಈ ವಿಷಯದಲ್ಲಿ ಚೌಕಾಸಿ ಬೇಡ. ಮುಚ್ಚಿದ ಬಚ್ಚಲಿನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿ ಸ್ನಾನಕ್ಕೆ ಹೋದವರು ಹೊರಬಾರದ ಪ್ರಕರಣಗಳು ರಾಜ್ಯದಲ್ಲೂ ನಡೆದಿವೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಮಲಗುವ ಕೋಣೆಗೆ ಎರಡು ಗೋಡೆಗಳಲ್ಲಿ ಕಿಟಕಿಯಿದ್ದರೆ ಒಳ್ಳೆಯದು. ಮನೆ ಮುಖ್ಯರಸ್ತೆಗೆ ಅಂಟಿಕೊಂಡಿದ್ದರೆ ದೊಡ್ಡ ಕಿಟಕಿ ಹಿಂಬದಿಗಿರಲಿ. ಕಿಟಕಿಗೆ ಸೊಳ್ಳೆ ಪರದೆ ಹಾಕಿಸಿಕೊಂಡವರಿಗೆ ಇನ್ನೊಂದು ಲಾಭ ಇದೆ: ಸೊಳ್ಳೆ ಬತ್ತಿ ಹಚ್ಚಬೇಕಿಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಒಂದು ಸೊಳ್ಳೆ ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣ ಬಿಡುತ್ತದೆ. ದೇವರ ಮನೆಯನ್ನೂ ಕಿಟಕಿಯಿಲ್ಲದ ಮೂಲೆಗೆ ತಳ್ಳಬಾರದು. ಧೂಪದ ಹೊಗೆಗೂ ದಾರಿ ಬೇಕಲ್ಲ!

ಹೊಸ ವಾರ್ಡ್‌ರೋಬ್ ತೆರೆದಾಗ ಕಣ್ಣುರಿಯುವುದು ಪ್ಲೈವುಡ್ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್‌ನಿಂದ. ಇ0 ಅಥವಾ ಇ1 ಗುರುತಿನ ಹಲಗೆ ಕೇಳಿ ತರಿಸಿ, ಕತ್ತರಿಸಿದ ಅಂಚುಗಳನ್ನೆಲ್ಲ ಮುಚ್ಚಿಸಬೇಕು. ಪೇಂಟ್ ವಾಸನೆ ಪೂರ್ತಿ ಹೋಗುವ ತನಕ ಆ ಕೋಣೆಯಲ್ಲಿ ಮಗುವನ್ನು ಮಲಗಿಸುವುದು ಬೇಡ.

ಗಾಳಿ ಶುದ್ಧ ಮಾಡುತ್ತವೆಂದು ನರ್ಸರಿಯವರು ಹೇಳುವ ಕುಂಡದ ಗಿಡಗಳು ಅಂದಕ್ಕೆ ಇರಲಿ. ಹೊರಗಿನ ಗಾಳಿ ಮನೆಯೊಳಗೆ ಸಹಜವಾಗಿ ಬಂದುಹೋಗುವುದರಿಂದ ಆಗುವಷ್ಟೇ ಫಲ ಸಿಗಬೇಕಾದರೆ ಒಂದು ಚದರ ಮೀಟರಿಗೆ ಕನಿಷ್ಠ 10 ಗಿಡ ಬೇಕೆಂದು 2019ರ ವಿಮರ್ಶಾ ಲೇಖನವೊಂದು ಲೆಕ್ಕ ಹಾಕಿದೆ. ಮನುಷ್ಯರಿಗೆ ಜಾಗ ಉಳಿಯುವುದಿಲ್ಲ.

ಕಿಟಕಿ, ಪೈಪುಗಳಿಗೆಲ್ಲ ಸಮಯ ಗೋಡೆ ಏಳುವಾಗಲೇ. ಮೇಸ್ತ್ರಿಗೆ ಹೇಳಿ ಚಿಮಣಿಗೆಂದು 6 ಇಂಚಿನ ಪೈಪಿನ ತುಂಡೊಂದನ್ನು ಇಟ್ಟಿಗೆಯ ನಡುವೆ ಇಡಿಸಿದರೆ ಆಯಿತು. ಟೈಲ್ಸ್ ಅಂಟಿಸಿದ ಮೇಲೆ ನೆನಪಾದರೆ ಗೋಡೆ ಕೊರೆಯುವವರನ್ನು ಕರೆಸಬೇಕು, ಆ ದೂಳೆಲ್ಲ ಮನೆಯೊಳಕ್ಕೇ.