ಒಂದು ಹನಿ ರಕ್ತ, ಒಂದಿಷ್ಟು ಇಲೆಕ್ಟ್ರಾನ್

ಗ್ಲುಕೋಮೀಟರ್ ಈಗ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಉಂಟು. ಅಜ್ಜ ಬೆರಳು ಚುಚ್ಚಿ "ಇವತ್ತು ನೂರ ನಲ್ವತ್ತು" ಅನ್ನುವುದನ್ನು ಮಕ್ಕಳು ನೋಡ್ತಾ ಇರ್ತಾರೆ. ಉತ್ಕರ್ಷಣ–ಅಪಕರ್ಷಣದ ಪಾಠಕ್ಕೆ ತುಕ್ಕು ಹಿಡಿದ ಮೊಳೆಯೇ ಯಾಕೆ? ಈ ಸ್ಟ್ರಿಪ್ಪನ್ನು ತೆಗೆದುಕೊಳ್ಳಿ.

ಸ್ಟ್ರಿಪ್ಪಿನ ತುದಿಯಲ್ಲಿ ಒಣಗಿಸಿಟ್ಟ ಕಿಣ್ವ ಇರುತ್ತದೆ. ಹಲವು ಸ್ಟ್ರಿಪ್‌ಗಳಲ್ಲಿ ಅದು ಗ್ಲುಕೋಸ್ ಆಕ್ಸಿಡೇಸ್. ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟಿನಿಂದ ತೆಗೆದದ್ದು. ಅದು ಒಂದು ಗ್ಲುಕೋಸ್ ಅಣುವಿನಿಂದ ಎರಡು ಇಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಗ್ಲುಕೋಸ್ ಉತ್ಕರ್ಷಣಗೊಂಡಿತು. ಆ ಇಲೆಕ್ಟ್ರಾನ್‌ಗಳು ಎಲ್ಲಿಗೆ ಹೋಗಬೇಕು?

ಸಹಜವಾಗಿ ಆಮ್ಲಜನಕಕ್ಕೆ. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಸೂಚಿಸಿದ ಉಪಾಯವೂ ಇದೇ: ಆಮ್ಲಜನಕ ಅಳೆಯುವ ವಿದ್ಯುದ್ವಾರದ ಮೇಲೆ ಕಿಣ್ವದ ಪದರ ಇಟ್ಟು, ಆಮ್ಲಜನಕ ಎಷ್ಟು ಕಡಿಮೆಯಾಯಿತು ಅಂತ ನೋಡುವುದು. ಆದರೆ ರಕ್ತದ ಆಮ್ಲಜನಕ ಒಂದೇ ಸಮ ಇರುವುದಿಲ್ಲವಲ್ಲ! ಕಿಣ್ವವೇ ನೇರವಾಗಿ ವಿದ್ಯುದ್ವಾರಕ್ಕೆ ಕೊಡಲಿ ಅಂದರೆ, ಅದರ ಕ್ರಿಯಾಸ್ಥಾನ ಪ್ರೋಟೀನಿನ ಒಳಗೆ ಆಳದಲ್ಲಿ ಹುದುಗಿದೆ. ಅದಕ್ಕೆ ಒಬ್ಬ ಮಧ್ಯವರ್ತಿ ಬೇಕಾಯಿತು. 1984ರಲ್ಲಿ ಇಂಗ್ಲೆಂಡಿನ ಸಂಶೋಧಕರು ಫೆರೋಸೀನ್ ಸಂಯುಕ್ತವನ್ನು ಈ ಕೆಲಸಕ್ಕೆ ಹಚ್ಚಿದರು. ಫೆರಿಸಯನೈಡ್ ಕೂಡ ಇದನ್ನು ಮಾಡ್ತದೆ. ಕಿಣ್ವದಿಂದ ಪಡೆದು ವಿದ್ಯುದ್ವಾರಕ್ಕೆ ದಾಟಿಸುವುದು, ಅಷ್ಟೇ. ಆ ಪ್ರವಾಹವನ್ನು ಮೀಟರ್ ಅಳೆದು ಅಂಕಿಯಾಗಿ ತೋರಿಸುತ್ತದೆ.

ಈಗ ಬೋರ್ಡಿನಲ್ಲಿ ಒಂದು ಲೆಕ್ಕ ಮಾಡಿಸಿ. ಅಂಕಿ 90 ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 90 ಮಿಲಿಗ್ರಾಂ ಗ್ಲುಕೋಸ್. ಸ್ಟ್ರಿಪ್ ಅರ್ಧ ಮೈಕ್ರೋಲೀಟರ್ ಹೀರಿತು ಅಂತ ಇಟ್ಟುಕೊಳ್ಳಿ. ಅದರಲ್ಲಿರುವ ಗ್ಲುಕೋಸ್ ಬರೀ 0.45 ಮೈಕ್ರೋಗ್ರಾಂ! ದೊಡ್ಡ ಸಕ್ಕರೆ ಹರಳಿನ ಸಾವಿರದಲ್ಲೊಂದು ಪಾಲೂ ಅಲ್ಲ.

ಹಲಸಿನ ತೊಳೆ ತಿಂದ ಬೆರಳನ್ನು ಈಗ ನೆನೆಸಿಕೊಳ್ಳಿ. ನಿಮ್ಮ ತರಗತಿಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಮಗು ಇದ್ದು, ಬೆವರಿ ನಡುಗುತ್ತಿದೆ. ನಿಜವಾದ ಅಂಕಿ 55. ಬೆರಳಿನ ಅಂಟಿನಿಂದ ಹನಿಗೆ 0.45 ಮೈಕ್ರೋಗ್ರಾಂ ಗ್ಲುಕೋಸ್ ಸೇರಿದರೆ ಮೀಟರ್ 145 ತೋರಿಸೀತು. "ಸರಿಯೇ ಉಂಟಲ್ಲ" ಅಂತ ಬಿಟ್ಟರೆ ಮಗು ಪ್ರಜ್ಞೆ ತಪ್ಪಬಹುದು. ಕೈ ತೊಳೆಸಿ, ಒರೆಸಿ, ಮತ್ತೆ ನೋಡಿ. ನೀರು ಹತ್ತಿರ ಇಲ್ಲದಿದ್ದರೆ ಮೊದಲ ಹನಿ ಒರೆಸಿ ಎರಡನೆಯದನ್ನು ಹಾಕಿ. ಪರೀಕ್ಷೆಗೆ ತಡವಾಗುವ ಹಾಗಿದ್ದರೆ, ಮಗುವಿಗೆ ಎಚ್ಚರವಿದ್ದು ನುಂಗಲು ಆಗುವುದಾದರೆ, ಸಕ್ಕರೆ ನೀರು ಮೊದಲು.

ತರಗತಿಯಲ್ಲಿ ಮಕ್ಕಳ ಬೆರಳು ಚುಚ್ಚಿ ತೋರಿಸುವ ಉಮೇದು ಖಂಡಿತಾ ಬೇಡ; ಒಂದೇ ಸೂಜಿಯಿಂದ ಹೆಪಟೈಟಿಸ್ ಬಿ ಹರಡೀತು. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಗ್ಲುಕೋಸ್ ಪುಡಿ ಸಾಕು. ಅದನ್ನು ಹಿಂದಿನ ದಿನವೇ ಕರಗಿಸಿಡಿ: ಪುಡಿಯಲ್ಲಿ ಹೆಚ್ಚಾಗಿ ಇರುವುದು ಆಲ್ಫಾ ರೂಪ, ಈ ಕಿಣ್ವ ಹಿಡಿಯುವುದು ಬೀಟಾ ರೂಪವನ್ನು, ನೀರಿನಲ್ಲಿ ಒಂದು ಇನ್ನೊಂದಾಗಲು ಕೆಲವು ಗಂಟೆ ಬೇಕು. ಮೀಟರ್ ರಕ್ತಕ್ಕೆ ಹೊಂದಿಸಿದ್ದು, ಹಾಗಾಗಿ ಸರಿಯಾಗಿ 100 ಬರಬೇಕೆಂದಿಲ್ಲ. ಪಕ್ಕದಲ್ಲಿ ಅಷ್ಟೇ ಸಿಹಿಯಾದ ಸಕ್ಕರೆ ನೀರು ಇಡಿ. ಸುಕ್ರೋಸನ್ನು ಈ ಕಿಣ್ವ ಮುಟ್ಟುವುದಿಲ್ಲ. ಎರಡನ್ನೂ ಪರೀಕ್ಷಿಸುವ ಮೊದಲು ಮಕ್ಕಳಿಂದ ಊಹೆ ಬರೆಸಿ. "ಸಾರ್, ಎರಡೂ ಸಿಹಿಯಲ್ವಾ?" ಅಂತ ಒಬ್ಬರಾದರೂ ಕೇಳಿಯೇ ಕೇಳ್ತಾರೆ.